ರೋಶನಬಿಯ ಕತ್ತರಿ ಗುರುತು

ಚನ್ನಗಿರಿಯಲ್ಲಿ ಹೊತ್ತೇರಿದ ಮೇಲೆ ಮೂರ್ನಾಲ್ಕು ಜನ ಬೆವರು ಸುರಿಸುತ್ತ ಒಂದು ಕಾರನ್ನು ತಳ್ಳುತ್ತಿದ್ದರೆ, ಗಾಡಿ ಕೆಟ್ಟಿದೆ ಎಂದು ಪರವೂರಿನವರು ತಿಳಿಯುತ್ತಾರೆ. ಕೆಟ್ಟಿರುವುದಿಲ್ಲ. ಎಂಜಿನ್ ನೆಟ್ಟಗಿರುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲೂ ಇರುತ್ತದೆ. ಅದು ರೋಶನಬಿಯ ಕುಶನ್ ಅಂಗಡಿಗೆ ಬಂದ ಗಾಡಿ, ಅಷ್ಟೇ. ಹೊಸ ಕವರ್ ಹೊಲಿಯಲು ಡ್ರೈವರ್ ಸೀಟು ಬಿಚ್ಚಿರುತ್ತಾರೆ, ಸೀಟು ಬಿಚ್ಚಿದ ಗಾಡಿಯನ್ನು ತಳ್ಳಬೇಕೇ ಹೊರತು ಯಾರೂ ಸ್ಟಾರ್ಟ್ ಮಾಡಕೂಡದು ಎಂಬುದು ಆ ಅಂಗಡಿಯ ಕಾನೂನು. ನನ್ನದು ಎದುರಿಗೇ ಇರುವ ಸ್ಪೇರ್ ಪಾರ್ಟ್ಸ್ ಅಂಗಡಿ. “ಪರಶುರಾಮಣ್ಣ, ಒಂದು ಕೈ ಹಚ್ಚ ಬರ್ರಿ” ಎಂದು ಆಕೆ ಕೂಗಿದರೆ ಗಿರಾಕಿ ಇರಲಿ ಬಿಡಲಿ, ನಾನು ಎದ್ದು ಹೋಗಬೇಕು. ಗೊಣಗುತ್ತಲೇ ಹೋಗುತ್ತೇನೆ. ನನ್ನ ಬೆನ್ನು ನೋವಿಗೆ ಅರ್ಧ ಕಾರಣ ಆ ಹೆಂಗಸು.

ಆದರೆ ಆಗುವುದಿಲ್ಲ ಎಂದು ಒಂದು ದಿನವೂ ಅಂದಿಲ್ಲ. ಆ ಕಾನೂನು ಯಾಕೆ ಬಂತೆಂದು ನನಗೆ ಗೊತ್ತು.

ಕುಶನ್ ಕೆಲಸದವರಲ್ಲಿ ಒಂದು ರೂಢಿ ಉಂಟು. ಸೀಟು ಬಿಚ್ಚಿದ ಗಾಡಿಯನ್ನು ಅತ್ತಿತ್ತ ಸರಿಸಬೇಕಾದಾಗ ಸೋಡಾ ಕ್ರೇಟನ್ನೋ ಮರದ ಸ್ಟೂಲನ್ನೋ ಸ್ಟೇರಿಂಗಿನ ಹಿಂದೆ ಇಟ್ಟು, ಅದರ ಮೇಲೆ ಕೂತು ಓಡಿಸಿಬಿಡುವುದು. ಎಲ್ಲರೂ ಮಾಡುತ್ತಾರೆ. ರೋಶನಬಿಯ ಗಂಡ ಚಾಂದ್ ಕೂಡ ವರ್ಷಾನುಗಟ್ಟಲೆ ಮಾಡಿದ. ಒಂದು ದಿನ ಯಾರದೋ ಜೀಪಿಗೆ ಡೀಸೆಲ್ ಹಾಕಿಸಿಕೊಂಡು ಬರುತ್ತೇನೆಂದು ಕ್ರೇಟಿನ ಮೇಲೆ ಕೂತು ಸಂತೇಬೆನ್ನೂರು ರಸ್ತೆಯ ಬಂಕಿಗೆ ಹೊರಟ. ದಾರಿಗೆ ಮೇಕೆ ಅಡ್ಡ ಬಂತು. ಬ್ರೇಕು ತುಳಿದ. ಕ್ರೇಟು ಮಗುಚಿತು, ಕಾಲು ಬ್ರೇಕಿನಿಂದ ಜಾರಿತು, ಎದುರಿಗೆ ಮೆಕ್ಕೆಜೋಳದ ಲೋಡು ತುಂಬಿದ ಲಾರಿ ಬರುತ್ತಿತ್ತು. ಮೇಕೆ ಉಳಿಯಿತು.

ಸಂತಾಪ ಹೇಳಲು ಹೋದವರೆದುರು ರೋಶನಬಿ ಅಳಲಿಲ್ಲ. ನನ್ನ ಹೆಂಡತಿಯ ಕೈ ಹಿಡಿದುಕೊಂಡು ಒಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತಿದ್ದಳು: “ಕ್ರೇಟು ಇಟ್ಕೊಂಡು ಹತ್ತಿದ್ದನ್ನ ನಾನು ಬಾಗ್ಲಾಗೆ ನಿಂತು ನೋಡಿದೆ ಕಣಕ್ಕ. ಬ್ಯಾಡ ಅನ್ನಾಕೆ ಬಾಯಿತನಕ ಬಂತು. ದಿನಾ ಮಾಡೋದೇ ಅಲ್ವಾ ಅಂತ ಸುಮ್ನಾದೆ.”

ಮಗಳು ಮದೀಹಾ ಆಗ ಶಾಲೆಗೆ ಹೋಗುತ್ತಿದ್ದಳು. ಹೆಂಗಸು ಕುಶನ್ ಅಂಗಡಿ ನಡೆಸುವುದುಂಟೇ ಎಂದು ಬೀದಿಯಲ್ಲಿ ಮಾತಾಡಿದವರಲ್ಲಿ ಮುಕ್ಕಾಲು ಪಾಲು ಜನ ಇವತ್ತು ತಮ್ಮ ಗಾಡಿಯ ಸೀಟನ್ನು ರೋಶನಬಿಯ ಕೈಯಲ್ಲೇ ಹೊಲಿಸಿದ್ದಾರೆ. ರೆಕ್ಸಿನ್ ಕತ್ತರಿಸಿ ಹೊಲಿಯುವುದು ತಾಯಿಯ ಕೆಲಸ, ಬಿಚ್ಚುವುದು ಫೋಮು ಅಂಟಿಸುವುದು ಮಗಳ ಕೆಲಸ. ಮಷಿನ್ನಿನ ಗದ್ದಲ, ಪಕ್ಕದಲ್ಲಿ ವೆಲ್ಡಿಂಗಿನವನ ಗದ್ದಲ; ಮಾತು ಕೇಳುವುದಿಲ್ಲ. ಅದಕ್ಕೆ ಇಬ್ಬರೂ ಸೀಮೆಸುಣ್ಣದ ಭಾಷೆ ಮಾಡಿಕೊಂಡಿದ್ದರು. ಗೀಟೆಳೆದರೆ ಇಲ್ಲಿ ಕತ್ತರಿಸು, ಸೊನ್ನೆ ಹಾಕಿದರೆ ಇಲ್ಲಿ ಗುಂಡಿ. ಕತ್ತರಿಯಂತೆ ಅಡ್ಡಡ್ಡ ಎರಡು ಗೀಟು ಎಳೆದರೆ ಈ ಹೊಲಿಗೆ ತಪ್ಪು, ಬಿಚ್ಚು ಎಂದರ್ಥ. ಕತ್ತರಿ ಗುರುತು ಬಿದ್ದ ಮೇಲೆ ವಾದವಿಲ್ಲ. ಎಷ್ಟು ಚಂದದ ಹೊಲಿಗೆಯಾದರೂ ಮದೀಹಾ ತುಟಿ ಕಚ್ಚಿಕೊಂಡು ಬಿಚ್ಚುತ್ತಿದ್ದಳು. ಸೀಟು ಸರಿಯಿಲ್ಲದ ಗಾಡಿ ಅವರ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ.

ರೋಶನಬಿಗೆ ಇನ್ನೊಂದು ಸಿಟ್ಟಿತ್ತು. ನಮ್ಮ ಕಡೆಯವರು ಹೊಸ ಕಾರು ಕೊಂಡರೆ ಸೀಟಿನ ಮೇಲಿನ ಪ್ಲಾಸ್ಟಿಕ್ ತೆಗೆಯುವುದಿಲ್ಲ. ಕೊಳೆಯಾಗುತ್ತದಂತೆ. ಬೇಸಿಗೆಯಲ್ಲಿ ಅಂಗಿ ಬೆನ್ನಿಗಂಟಿ, ಇಳಿಯುವಾಗ ಚರ್ರನೆ ಸದ್ದಾದರೂ ಪ್ಲಾಸ್ಟಿಕ್ ಮಾತ್ರ ಇರಬೇಕು. ಮಗುವಿಗೆ ಮದುವೆ ವಯಸ್ಸಾದರೂ ಗಾಡಿ ಹೊಸದಾಗಿರಬೇಕು! “ಹೆಣಕ್ಕೆ ಸುತ್ತಿದಂಗೆ ಸುತ್ತೀರಲ್ರೀ, ಜಾರ್ತೈತೆ ಅನ್ನೋದು ಗೊತ್ತಾಗಲ್ವಾ?” ಎಂದು ರೋಶನಬಿ ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದಳು. ನಾನೂ ಬೈಸಿಕೊಂಡಿದ್ದೇನೆ.

ಮದೀಹಾ ಗಾಡಿ ಕಲಿತದ್ದು ಹೊಲಿದ ಸೀಟುಗಳನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿ. ಹೊನ್ನಾಳಿಯಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿರುವ ನಿಂಗರಾಜ್ ಅವಳ ಕೈಚಳಕ ನೋಡಿ, ಹೆಂಗಸರಿಗೆ ಕಲಿಸಲು ಬಾ ಎಂದು ಕರೆದ. ತೆಂಗಿನ ಮರದಷ್ಟು ಎತ್ತರದ ಆಸಾಮಿ, ಮಾತಿನಲ್ಲಿ ಸ್ವಲ್ಪ ಬೆಂಕಿ, ರೇಸಿನ ಹುಚ್ಚು. ಅವನ ಹತ್ತಿರ ಒಂದು ಕೆಂಪು ಸ್ಪೋರ್ಟ್ಸ್ ಕಾರಿತ್ತು. ಸಣ್ಣದೇ, ಆದರೆ ಎಂಜಿನ್ ಗಟ್ಟಿ. ಅದನ್ನು ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆ ನಡೆಯುವ ಆರು ತಾಸಿನ ರೇಸಿಗೆ ಇಳಿಸಬೇಕು, ಎರಡನೇ ಡ್ರೈವರ್ ಆಗಿ ಮದೀಹಾ ಇರಬೇಕು ಎಂದು ಅವನು ಹಟ ಹಿಡಿದ. ಬಿಡಿಭಾಗಗಳಿಗೆ ನನ್ನನ್ನೂ ಎಳೆದುಕೊಂಡ.

ಈ ರೇಸು ತಾಳಿಕೆಯ ರೇಸು. ಆರು ತಾಸು ಗಾಡಿ ಓಡುತ್ತಲೇ ಇರಬೇಕು, ಡ್ರೈವರುಗಳು ಸರದಿಯ ಮೇಲೆ ಕೂರಬೇಕು. ರೇಸಿಗೆಂದೇ ಹುಟ್ಟಿದ ಗಾಡಿಗೆ ಇಲ್ಲಿ ಜಾಗವಿಲ್ಲ. ಯಾರು ಬೇಕಾದರೂ ಶೋರೂಮಿನಲ್ಲಿ ಕೊಳ್ಳಬಹುದಾದ ಕಾರನ್ನೇ ತಂದು, ಜೀವರಕ್ಷಣೆಗೆ ಒಳಗೆ ಕಬ್ಬಿಣದ ಪಂಜರ, ಬೆಲ್ಟು, ಗಟ್ಟಿ ಸೀಟು ಹಾಕಿಕೊಳ್ಳಬೇಕು. ದೊಡ್ಡ ಎಂಜಿನ್ನಿನವು ಒಂದು ತರಗತಿ, ನಮ್ಮಂಥ ಸಣ್ಣವು ಇನ್ನೊಂದು. ಎರಡೂ ಓಡುವುದು ಒಂದೇ ರಸ್ತೆಯಲ್ಲಿ, ಒಂದೇ ಹೊತ್ತಿಗೆ. ಸಣ್ಣ ಕಾರಿನವರಿಗೆ ದೊಡ್ಡವುಗಳ ಜೊತೆ ಸ್ಪರ್ಧೆಯಿಲ್ಲ, ಆದರೆ ಅವು ಹಿಂದಿನಿಂದ ನುಗ್ಗಿ ಮೈಸವರಿಕೊಂಡು ದಾಟುತ್ತಲೇ ಇರುತ್ತವೆ. ಆ ವರ್ಷ ಕೊಯಮತ್ತೂರಿನ ಒಂದು ತಂಡದವರು ಮಾತು ಕೊಟ್ಟಿದ್ದರು: ಸಣ್ಣ ತರಗತಿಯಲ್ಲಿ ಗೆದ್ದ ಕಾರಿನಿಂದ ಎಳೆಯ ಡ್ರೈವರೊಬ್ಬರನ್ನು ತಮ್ಮ ದೊಡ್ಡ ಕಾರಿಗೆ ತೆಗೆದುಕೊಳ್ಳುತ್ತೇವೆ. ಮದೀಹಾ ಅದನ್ನು ಕೇಳಿದ ದಿನದಿಂದ ಊಟ ಮಾಡುವಾಗಲೂ ಕಾಲಲ್ಲಿ ಪೆಡಲ್ ತುಳಿಯುತ್ತಿದ್ದಳು.

ರೋಶನಬಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ನನ್ನ ಅಂಗಡಿಗೆ ಬಂದು ಕೂತಳು.

“ಓಡಿಸ್ಲಿ. ಬ್ಯಾಡ ಅಂದ್ರೆ ಕದ್ದು ಹೋಗ್ತಾಳೆ. ಆದ್ರೆ ಕುಂದ್ರೋ ಜಾಗ ನಾನು ಮಾಡಿಕೊಡೋದು, ಬ್ಯಾರೆ ಯಾರೂ ಕೈ ಹಚ್ಚಂಗಿಲ್ಲ.”

ಮಾಡುವುದೂ ಇತ್ತು. ರೇಸಿನ ಸೀಟನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ, ಹಿಂದೆ ಮುಂದೆ ಸರಿಯುವುದಿಲ್ಲ. ಅದು ನಿಂಗರಾಜನ ಅಳತೆಗಿತ್ತು. ಗಿಡ್ಡಿ ಮದೀಹಾ ಅದರಲ್ಲಿ ಕೂತರೆ ಬ್ರೇಕಿಗೆ ಕಾಲ್ಬೆರಳ ತುದಿಯಷ್ಟೇ ಮುಟ್ಟುತ್ತಿತ್ತು. ಹಾಗಾಗಿ ಅವಳ ಸರದಿ ಬಂದಾಗ ಬೆನ್ನಿಗೂ ಅಡಿಗೂ ಸೇರಿ ಒಂದೇ ಆಗಿರುವ ಮೆತ್ತೆ ಇಡಬೇಕು, ನಿಂಗರಾಜ್ ಕೂತಾಗ ತೆಗೆಯಬೇಕು. ರೋಶನಬಿ ಮಗಳನ್ನು ಕೂರಿಸಿ ಅಳೆದಳು, ಮಾಡಿದ್ದನ್ನು ತಾನೇ ಹರಿದು ಮತ್ತೆ ಅಳೆದಳು. ಗಟ್ಟಿ ಫೋಮು, ಮೇಲೆ ಬಟ್ಟೆ, ಕೆಳಗಡೆ ಮಾತ್ರ ಗೋಣಿಯಂತೆ ಒರಟಾದ ಕ್ಯಾನ್ವಾಸು, ಜಾರದ ಹಾಗೆ. ಸೀಟಿಗೆ ಕಚ್ಚಿಕೊಳ್ಳಲು ನಾಲ್ಕು ಕಡೆ ವೆಲ್ಕ್ರೋ ಪಟ್ಟಿ. ಇಟ್ಟು ಅಂಗೈಯಲ್ಲಿ ಒತ್ತಿದರೆ ಅದನ್ನು ಎತ್ತಲು ಎರಡೂ ಕೈ ಬೇಕಿತ್ತು. ಅಷ್ಟು ಒಳ್ಳೆಯ ಕೆಲಸವನ್ನು ಅವಳ ಕೈಯಲ್ಲೂ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ರೇಸಿನ ದಿನ ಸೊಕ್ಕೆಯ ಬಯಲಿನಲ್ಲಿ ಗಾಳಿಯೋ ಗಾಳಿ. ಅಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳಿವೆ, ಊರವರು ಫ್ಯಾನು ಎನ್ನುತ್ತಾರೆ. ಅವುಗಳ ಉದ್ದುದ್ದ ರೆಕ್ಕೆ ಸಾಗಿಸಲೆಂದು ಹಾಕಿದ ಅಗಲ ರಸ್ತೆಗಳನ್ನೇ ಸುತ್ತಿಸಿ, ಟೈರು ಜೋಡಿಸಿ, ಟ್ರ್ಯಾಕ್ ಮಾಡಿದ್ದರು. ನೆಟ್ಟಗೆ ಒಂದು ಇಳಿಜಾರು, ಇಳಿಜಾರಿನ ಬುಡದಲ್ಲಿ ಹಳ್ಳದ ತಿರುವು. ಗಾಡಿಗಳು ಅಲ್ಲಿಯವರೆಗೆ ಪೂರ್ತಿ ವೇಗದಲ್ಲಿ ಬಂದು ಒಮ್ಮೆಲೇ ಬ್ರೇಕು ಹಿಡಿಯಬೇಕು. ನಾನು ಬೆಳಿಗ್ಗೆಯೇ ನಡೆದು ಹೋಗಿ ನೋಡಿ ಬಂದಿದ್ದೆ. ಆ ತಿರುವಿನಲ್ಲಿ ಮಣ್ಣು ಸಡಿಲ, ಆಚೆಗೆ ಬರೀ ಬಂಡೆ.

ನಮ್ಮ ತರಗತಿಗೆ ವಾಕಿಟಾಕಿ ಇರಲಿಲ್ಲ. ಡ್ರೈವರಿಗೆ ಏನಾದರೂ ಹೇಳಬೇಕಾದರೆ ಕಪ್ಪು ಹಲಗೆಯ ಮೇಲೆ ಬರೆದು, ಗಾಡಿ ಎದುರಿಗೆ ಹಾಯುವಾಗ ಟ್ರ್ಯಾಕಿನ ಪಕ್ಕದ ಮೋಟುಗೋಡೆಯ ಮೇಲಿಂದ ತೋರಿಸಬೇಕು. ಹಲಗೆ ಹಿಡಿಯುವ ಕೆಲಸ ನನ್ನದು. ಗಾಡಿಯ ಹತ್ತಿರ ಹೋಗಲು ಡ್ರೈವರಿಗೂ ಗಾಲಿ ಬದಲಿಸುವವರಿಗೂ ಹಲಗೆ ಹಿಡಿದವರಿಗೂ ಮಾತ್ರ ಅಪ್ಪಣೆ, ಉಳಿದವರೆಲ್ಲ ಹಗ್ಗದ ಆಚೆ. ಅಲ್ಲಿ ಚಾಪೆ ಹಾಸಿಕೊಂಡು ರೋಶನಬಿ, ಪಕ್ಕದಲ್ಲಿ ನಿಂಗರಾಜನ ತಾಯಿ ಅಂತರಘಟ್ಟಮ್ಮ. ಆಯಮ್ಮ ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಮಗನಿಗಿಂತ ಹೆಚ್ಚಾಗಿ ಕಾರನ್ನು ನೋಡಲು ಬಂದಿದ್ದರು. ಆ ಕಾರಿನ ಪ್ಲಾಸ್ಟಿಕ್ಕನ್ನು ಎರಡು ವರ್ಷ ಕಾಪಾಡಿದವರು ಅವರೇ. ರೇಸಿಗೆಂದು ಬಿಚ್ಚಿದ ಮೊದಲಿನ ಸೀಟುಗಳನ್ನು ಪ್ಲಾಸ್ಟಿಕ್ ಸಮೇತ ಅಟ್ಟದ ಮೇಲೆ ಇಟ್ಟಿದ್ದಾರೆಂದು ನಿಂಗರಾಜ್ ನಗುತ್ತಿದ್ದ. “ಶೋರೂಮಿನಲ್ಲಿ ಇದ್ದಂಗೇ ಇರಬೇಕು ಅನ್ನೋದು ರೂಲ್ಸು ತಾನೇ, ನಿಮ್ಮವ್ವನಿಗಿಂತ ರೂಲ್ಸು ಪಾಲಿಸೋರು ಯಾರಿದಾರೋ” ಎಂದು ನಾನೂ ನಕ್ಕೆ.

ಮೊದಲ ಸರದಿ ನಿಂಗರಾಜನದು. ಚೆನ್ನಾಗಿಯೇ ಓಡಿಸಿದ. ನಮ್ಮ ತರಗತಿಯಲ್ಲಿ ಹುಬ್ಬಳ್ಳಿಯವರ ನೀಲಿ ಕಾರು ಮುಂದೆ, ಅದರ ಬೆನ್ನಿಗೇ ನಮ್ಮ ಕೆಂಪು. ಮಧ್ಯಾಹ್ನದ ಹೊತ್ತಿಗೆ ಅವನು ಸರದಿ ಬದಲಿಸಲು ಗಾಡಿಯನ್ನು ಟ್ರ್ಯಾಕಿನಿಂದ ಒಳಗೆ ತಂದ. ಮದೀಹಾ ಹೆಲ್ಮೆಟ್ ಹಾಕಿ ಸಿದ್ಧವಾಗಿ ನಿಂತಿದ್ದಳು. ಇಳಿದ ಡ್ರೈವರು ಹತ್ತುವವರಿಗೆ ಬೆಲ್ಟು ಕಟ್ಟಿಕೊಡುವುದು ಪದ್ಧತಿ. ಬಿಸಿಲು, ಬೆವರು, ಕೈಯಲ್ಲಿ ದಪ್ಪ ಗ್ಲೌಸು. ನಿಂಗರಾಜ್ ಹಗ್ಗದ ಹತ್ತಿರವಿದ್ದ ಮೆತ್ತೆಯನ್ನು ಎಳೆದುಕೊಂಡು ಸೀಟಿಗೆ ತುರುಕಿದ, ಹುಡುಗಿಯನ್ನು ಕೂರಿಸಿದ, ಬೆಲ್ಟು ಜಗ್ಗಿದ, ಬಾಗಿಲು ಬಡಿದ. ಗಾಡಿ ಹೊರಟಿತು.

ಅದು ನನ್ನೆದುರು ಹಾಯುವಾಗ ಮದೀಹಾಳ ಹೆಗಲ ಹಿಂದೆ ಏನೋ ಫಳಕ್ಕೆಂದಿತು. ನನಗೆ ಅರ್ಥವಾಗಲಿಲ್ಲ. ಹಿಂದಿನಿಂದ, ಆಗಷ್ಟೇ ಚಾಪೆಗೆ ಮರಳಿದ್ದ ರೋಶನಬಿಯ ದನಿ ಕೇಳಿತು.

“ಅಂತರಘಟ್ಟಮ್ಮ, ಮೆತ್ತೆ ಇಲ್ಲೇ ಇತ್ತಲ್ಲ, ಏನು ಮಾಡಿದ್ರಿ ಅದಕ್ಕೆ?”

“ಏನಿಲ್ಲ ಕಣಮ್ಮ. ನೀನು ನಮಾಜಿಗೆ ಅಂತ ಆ ಕಡೆ ಹೋದಾಗ ಕೆಂಧೂಳು ಅಂದ್ರೆ ಕೆಂಧೂಳು. ಅಷ್ಟು ಚಂದ ಹೊಲಿದೀಯ, ಕೊಳೆ ಆಗ್ತೈತಲ್ಲ ಅಂತ ಪ್ಲಾಸ್ಟಿಕ್ ಕವರ್ ಹಾಕಿ ಸುತ್ತ ಪಿನ್ ಹೊಡೆಸಿದೆ. ಮಗೀನ ಬೆವರೂ ತಾಗಲ್ಲ ನೋಡು, ಹೊಸದು ಹೊಸದಾಗೇ ಇರ್ತೈತೆ.”

ಇದನ್ನು ಹೇಳುವಾಗ ಆ ಮುದುಕಿಯ ಮುಖದಲ್ಲಿ ಇದ್ದದ್ದು ಬರೀ ಅಕ್ಕರೆ. ರೋಶನಬಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಒರಟು ಕ್ಯಾನ್ವಾಸು ಪ್ಲಾಸ್ಟಿಕ್ಕಿನೊಳಗೆ. ವೆಲ್ಕ್ರೋ ಪಟ್ಟಿಗಳು ಪ್ಲಾಸ್ಟಿಕ್ಕಿನೊಳಗೆ. ಮಗಳು ಕೂತಿರುವುದು ಜಾರುವ ಮೆತ್ತೆಯ ಮೇಲೆ, ಮುಂದಿರುವುದು ಹಳ್ಳದ ತಿರುವು.

ಆಕೆ ಹಗ್ಗ ದಾಟಿ ಬಂದಳು. ಕಾವಲಿನವನು ತಡೆಯುವ ಮೊದಲೇ ನಿಂಗರಾಜನ ತೋಳು ಹಿಡಿದಿದ್ದಳು.

“ಒಳಗೆ ಕರೀರಿ. ಈಗಲೇ ಕರೀರಿ ಅವಳನ್ನ.”

ನಿಂಗರಾಜ್ ಬಾಟಲಿಯ ನೀರನ್ನು ತಲೆಗೆ ಸುರಿದುಕೊಳ್ಳುತ್ತಿದ್ದ. ವಿಷಯ ಕೇಳಿ ಒಂದು ಗಳಿಗೆ ಗಾಬರಿಯಾದ, ಮರುಗಳಿಗೆಯಲ್ಲೇ ಟ್ರ್ಯಾಕಿನ ಕಡೆ ನೋಡಿದ. ನೀಲಿ ಕಾರಿನ ಹೊಸ ಡ್ರೈವರು ನಿಧಾನವಿದ್ದ. ನಮ್ಮ ಕೆಂಪು ಅದರ ಬಾಲಕ್ಕೆ ಅಂಟಿಕೊಂಡಿತ್ತು.

“ಬೆಲ್ಟು ಐತಲ್ರೀ ರೋಶನಕ್ಕ, ಎಲ್ಲಿಗೆ ಹೋಗ್ತಾಳೆ? ನಾನೇ ಬಿಗಿದಿದೀನಿ. ಈಗ ಕರೆದ್ರೆ ಒಂದು ಸುತ್ತು ಹೋಯ್ತು, ಗೆಲ್ಲೋದು ಹೋಯ್ತು, ಕೊಯಮತ್ತೂರೂ ಹೋಯ್ತು. ಅವಳ ಜೀವನಾನೇ ಹಾಳು ಮಾಡ್ತೀರೇನು?”

“ಜೀವ ಇದ್ರೆ ಜೀವನ. ಕರೀರಿ.”

“ಆಗಲ್ಲ. ಗಾಡಿ ನಂದು, ತಂಡ ನಂದು. ಪರಶುರಾಮಣ್ಣ, ಹಲಗೆ ಮ್ಯಾಲೆ ‘ಮುಂದೆ ಹೋಗು’ ಅಂತ ಬರೀರಿ.”

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ನನ್ನ ಗತಿ ಅದೇ ಆಯಿತು. ಒಂದು ಕಡೆ ತಂಡದ ಯಜಮಾನ, ಇನ್ನೊಂದು ಕಡೆ ಹೆತ್ತ ತಾಯಿ. ಸೀಮೆಸುಣ್ಣ ಕೈಯಲ್ಲಿ ಹಿಡಿದು ಬೆಪ್ಪನಂತೆ ನಿಂತೆ. ಅಷ್ಟರಲ್ಲಿ ಇಳಿಜಾರಿನ ಮೇಲೆ ಕೆಂಪು ಕಾರು ಕಾಣಿಸಿತು. ಹಳ್ಳದ ತಿರುವಿಗೆ ಬಂತು. ಬ್ರೇಕಿನ ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಒಂದೇ ಸಲ ಗಟ್ಟಿಯಾಗಿ ತುಳಿದರೆ ದೀಪ ಹಾಗೆ ಮಿಟುಕುವುದಿಲ್ಲ. ಕಾಲು ತಪ್ಪುತ್ತಿದೆ ಎಂದು ನನಗೂ ಗೊತ್ತಾಯಿತು, ನಿಂಗರಾಜನಿಗೂ ಗೊತ್ತಾಯಿತು. ಕಾರು ತಿರುವಿನ ಅಂಚಿಗೆ ಹೋಗಿ, ಮಣ್ಣು ಕೆದರಿ, ಹೇಗೋ ಮತ್ತೆ ರಸ್ತೆಗೆ ಬಂತು.

“ಇನ್ನೊಂದು ಸುತ್ತು ನೋಡಾನ” ಎಂದ ನಿಂಗರಾಜ್. ಈ ಸಲ ದನಿ ಗಟ್ಟಿಯಿರಲಿಲ್ಲ.

ರೋಶನಬಿ ನನ್ನ ಕೈಯಿಂದ ಹಲಗೆ ಕಿತ್ತುಕೊಂಡಳು. ಕಿತ್ತುಕೊಂಡಳು ಎಂದರೂ ನಾನೇನೂ ಬಿಗಿಯಾಗಿ ಹಿಡಿದಿರಲಿಲ್ಲ. “ಒಂದ್ಸಲ ನೋಡ್ತಾ ಸುಮ್ನೆ ನಿಂತಿದ್ದೆ” ಎಂದಳು. ಯಾರಿಗೆ ಹೇಳಿದಳೋ, ನಮ್ಮ ಕಡೆ ನೋಡಲಿಲ್ಲ. “ಇನ್ನೊಂದ್ಸಲ ನಿಲ್ಲಾಕೆ ನನ್ನ ಕೈಲಿ ಆಗಲ್ಲ.” ಹಲಗೆಯ ಮೇಲಿದ್ದ ಹಳೆಯ ಬರಹವನ್ನು ಸೆರಗಿನಿಂದ ಒರೆಸಿ, ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಆ ತುದಿಯಿಂದ ಈ ತುದಿಗೆ ಎರಡು ಗೀಟು ಎಳೆದಳು. ಕತ್ತರಿ ಗುರುತು. ಗೋಡೆ ಹತ್ತಿ, ಹಲಗೆಯನ್ನು ತಲೆಯ ಮೇಲೆ ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತಳು. ಗಾಳಿಗೆ ಹಲಗೆ ಅಲುಗುತ್ತಿತ್ತು, ಆಕೆಯೂ ಅಲುಗುತ್ತಿದ್ದಳು. ನಾನು ಹಿಂದಿನಿಂದ ಆಕೆಯ ಕಾಲು ಹಿಡಿದುಕೊಂಡೆ. ನಿಂಗರಾಜ್ ಬಂದು ಎಳೆದು ಇಳಿಸುತ್ತಾನೆ ಎಂದುಕೊಂಡಿದ್ದೆ. ಅವನು ಬರಲಿಲ್ಲ.

ಎರಡು ದೊಡ್ಡ ಕಾರುಗಳು ಗುಡುಗುತ್ತ ಹೋದವು. ಆಮೇಲೆ ನೀಲಿಯೂ ಕೆಂಪೂ ಒಟ್ಟಿಗೇ ಬಂದವು. ನಮ್ಮ ಕಾರು ಅದರ ಪಕ್ಕಕ್ಕೆ ಹೊರಳಿತ್ತು, ದಾಟುತ್ತಿತ್ತು, ದಾಟಿಯೇಬಿಟ್ಟಿತು. ನಮ್ಮೆದುರು ಹಾಯುವಾಗ ಮದೀಹಾ ನಮ್ಮ ತರಗತಿಯಲ್ಲಿ ಮೊದಲನೆಯವಳು. ಅಕ್ಕಪಕ್ಕದವರೆಲ್ಲ ಕಿರುಚಿದರು. ರೋಶನಬಿ ಕಣ್ಣು ಮಿಟುಕಿಸದೆ ಹಲಗೆ ಹಿಡಿದೇ ಇದ್ದಳು.

ಮದೀಹಾ ಹಲಗೆ ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ನೋಡಿದರೂ, ಗೆಲ್ಲುತ್ತಿರುವ ಹುಡುಗಿ ಯಾಕೆ ಬಂದಾಳು? ಆ ಒಂದು ಸುತ್ತು ಮುಗಿಯುವವರೆಗೆ ನಾನು ರೋಶನಬಿಯ ಕಾಲು ಬಿಡಲಿಲ್ಲ. ಹಿಂದೆ ಅಂತರಘಟ್ಟಮ್ಮ ಯಾವ ಯಾವ ದೇವರಿಗೋ ಹರಕೆ ಹೊರುತ್ತಿದ್ದರು. ಏನಾಗಿದೆ ಎಂದು ಅಷ್ಟೊತ್ತಿಗೆ ಅವರಿಗೂ ತಿಳಿದಿತ್ತು.

ಮತ್ತೆ ಇಳಿಜಾರಿನಲ್ಲಿ ಕಂಡಾಗ ಕೆಂಪು ಕಾರು ನಿಧಾನವಾಗಿತ್ತು. ನೀಲಿ ಅದನ್ನು ದಾಟಿ ಹೋಯಿತು. ಮದೀಹಾ ಕೈ ಹೊರಗೆ ಹಾಕಿ, ಒಳದಾರಿ ಹಿಡಿದು ಬಂದು ನಮ್ಮೆದುರು ನಿಲ್ಲಿಸಿದಳು.

ನಿಂಗರಾಜನೇ ಬಾಗಿಲು ತೆಗೆದ. ನಾನು ಬಗ್ಗಿ ಒಳಗೆ ನೋಡಿದೆ. ಮೆತ್ತೆ ಅವಳನ್ನು ಹೊತ್ತುಕೊಂಡು ಮುಂದಕ್ಕೆ ಜಾರಿತ್ತು, ಸೊಂಟದ ಬೆಲ್ಟು ಹೊಟ್ಟೆಯ ಮೇಲೆ ಏರಿತ್ತು, ಹೆಗಲ ಬೆಲ್ಟು ಎಷ್ಟು ಸಡಿಲವಾಗಿತ್ತೆಂದರೆ ಒಳಗೆ ನನ್ನ ಮುಷ್ಟಿ ಸಲೀಸಾಗಿ ಹೋಗುತ್ತಿತ್ತು. ಹೊರಗಿನವರು ಬರಬಾರದೆಂದು ಕಾವಲಿನವನು ಕೂಗುತ್ತಲೇ ಇದ್ದ. ರೋಶನಬಿ ಮಗಳನ್ನು ಕೆಳಗಿಳಿಸಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ರೆಕ್ಸಿನ್ ಕತ್ತರಿ ತೆಗೆದು ಪ್ಲಾಸ್ಟಿಕ್ಕನ್ನು ಚರಚರನೆ ಸೀಳಿ ಎಳೆದು ಎಸೆದಳು. ಗಾಳಿ ಅದನ್ನು ಫ್ಯಾನುಗಳ ಕಡೆ ಹಾರಿಸಿಕೊಂಡು ಹೋಯಿತು. ಮೆತ್ತೆಯನ್ನು ಇಟ್ಟು ಅಂಗೈಯಲ್ಲಿ ಒತ್ತಿದಳು, ಮಗಳನ್ನು ಕೂರಿಸಿದಳು, ಬೆಲ್ಟು ಜಗ್ಗಿದಳು, ಬ್ರೇಕು ತುಳಿಯಲು ಹೇಳಿದಳು. ತುಳಿದಳು. “ಇನ್ನೊಂದ್ಸಲ.” ತುಳಿದಳು. ಕಾರು ಹೊರಟಾಗ ನೀಲಿ ಎಲ್ಲೋ ಮುಂದೆ ಹೋಗಿಯಾಗಿತ್ತು.

“ಆಯ್ತಲ್ಲ, ಸಮಾಧಾನ ಆಯ್ತಾ?” ಎಂದ ನಿಂಗರಾಜ್. ರೋಶನಬಿಯ ಕಣ್ಣು ಹಳ್ಳದ ಕಡೆಗಿತ್ತು.

ಆಮೇಲಿನದು ಬರೀ ಓಟ. ಮದೀಹಾ ಹುಚ್ಚಿಯಂತೆ ಓಡಿಸಿ ಕಳೆದದ್ದರಲ್ಲಿ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಪಡೆಯುತ್ತಿದ್ದಳು. ಬಿಸಿಲು ಇಳಿಮುಖವಾದಾಗ ದೊಡ್ಡ ತರಗತಿಯ ಹಳದಿ ಕಾರೊಂದು ಇಳಿಜಾರಿನಲ್ಲಿ ಅವಳನ್ನು ದಾಟಿತು. ಆತುರದಲ್ಲಿ ಬ್ರೇಕು ತಡವಾಯಿತೋ ಏನೋ, ತಿರುವಿನ ಬಾಯಲ್ಲಿ ಗಿರಕಿ ಹೊಡೆದು ರಸ್ತೆಗೆ ಅಡ್ಡಲಾಗಿ ನಿಂತಿತು. ಅದರ ಹಿಂದೆಯೇ, ಪೂರ್ತಿ ವೇಗದಲ್ಲಿ ನಮ್ಮ ಕೆಂಪು. ಕೆಂಧೂಳು ಎದ್ದು ಎರಡನ್ನೂ ನುಂಗಿತು. ಟೈರು ಕಿರುಚಿದ್ದು ನಮ್ಮವರೆಗೆ ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ರೋಶನಬಿ ಗೋಡೆ ಹಿಡಿದುಕೊಂಡಳು. ನಿಂಗರಾಜ್ ಓಡಲು ಹೊರಟವನು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ಧೂಳು ಕದಲುತ್ತಲೇ ಇಲ್ಲ. ನಾನು ನೋಡುವುದನ್ನು ಬಿಟ್ಟು ನೆಲ ನೋಡಿದೆ, ಸುಳ್ಳೇಕೆ ಹೇಳಲಿ.

“ಅಗೋ!” ಎಂದು ಕೂಗಿದವರು ಅಂತರಘಟ್ಟಮ್ಮ. ಧೂಳಿನ ಅಂಚಿನಿಂದ ಕೆಂಪು ಮೂತಿ ಮೆಲ್ಲಗೆ ಹೊರಗೆ ಬಂತು. ಹಳದಿ ಕಾರಿಗೂ ಅದಕ್ಕೂ ನಡುವೆ ಒಂದು ಹಸು ತೂರುವಷ್ಟು ಜಾಗ ಉಳಿದಿತ್ತಂತೆ, ಆಮೇಲೆ ಅಲ್ಲಿದ್ದವರು ಹೇಳಿದರು. ಕಾರು ಬಳಸಿಕೊಂಡು ಮೇಲೇರಿ ಮತ್ತೆ ಓಡತೊಡಗಿತು. ರೋಶನಬಿ ಅಲ್ಲೇ ಮಣ್ಣಿನಲ್ಲಿ ಕೂತಳು. ಅಂತರಘಟ್ಟಮ್ಮ ಬಂದು ಪಕ್ಕದಲ್ಲಿ ಕೂತು, ತಬ್ಬಿಕೊಂಡು, “ತಪ್ಪಾತು ಕಣವ್ವ, ತಪ್ಪಾತು” ಎಂದು ಅತ್ತರು. ಈ ಸಲ ರೋಶನಬಿಯೂ ಅತ್ತಳು. ಚಾಂದ್ ಹೋದಾಗ ಅಳದಿದ್ದದ್ದೂ ಅದರಲ್ಲಿ ಸೇರಿತ್ತೆಂದು ನನಗನ್ನಿಸಿತು.

ಗೆದ್ದದ್ದು ನೀಲಿ. ನಾವು ಎರಡನೆಯವರು. ಒಳಗೆ ಬಂದು ನಿಂತಾಗ ಕಳೆದದ್ದು ಪೂರ್ತಿ ವಾಪಸು ಬರಲಿಲ್ಲ. ಕೊಯಮತ್ತೂರಿನವರು ಹುಬ್ಬಳ್ಳಿಯ ಹುಡುಗನ ಕೈ ಕುಲುಕಿ ಫೋಟೋ ತೆಗೆಸಿಕೊಂಡರು. ನಮ್ಮ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ನೋಡಬೇಕಿತ್ತು ಎಂದು ನನಗೆ ಈಗಲೂ ಸಿಟ್ಟಿದೆ.

ಮದೀಹಾ ಹೆಲ್ಮೆಟ್ ತೆಗೆದು ಗಾಲಿಗೆ ಒರಗಿ ಕೂತಿದ್ದಳು. ನಾನು ನೀರು ಕೊಟ್ಟು, “ಜಾರ್ತಿದ್ದದ್ದು ನಿನಗೆ ಗೊತ್ತಾಗ್ಲಿಲ್ವಾ?” ಎಂದು ಕೇಳಿದೆ.

“ಮೊದಲ್ನೇ ಬ್ರೇಕಿಗೇ ಗೊತ್ತಾತು ಪರಶುರಾಮಮಾಮ.”

“ಮತ್ತೆ?”

“ಎಡಗಾಲಿಂದ ತಡ್ಕೊಂಡು ಓಡಿಸಾನ ಅಂದ್ಕೊಂಡೆ. ಒಳಗೆ ಬರಬಾರ್ದು ಅಂತಲೇ ಇದ್ದೆ. ಬೇರೆ ಏನು ಬರೆದಿದ್ರೂ ಬರ್ತಿರಲಿಲ್ಲ. ಅಮ್ಮಿ ಕತ್ತರಿ ಹಾಕಿದ್ಲು. ಅದು ಬಿದ್ದ ಮೇಲೆ ಇನ್ನೇನೈತೆ.”

ರೋಶನಬಿ ಹಿಂದೆಯೇ ನಿಂತಿದ್ದಳೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬಂದವಳೇ ಮಗಳ ಕೆನ್ನೆಗೆ ಫಟಾರನೆ ಒಂದು ಕೊಟ್ಟಳು. ಆಮೇಲೆ ಅದೇ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಾನು ಗಾಲಿ ನೋಡುವ ನೆಪದಲ್ಲಿ ಆಚೆ ಹೋದೆ.

ಅದಾದ ಮೇಲೆ ಕೆಲವು ದಿನ ಅವರ ಅಂಗಡಿಯಲ್ಲಿ ಮಷಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮದೀಹಾ ತಲೆ ತಗ್ಗಿಸಿ ಫೋಮು ಅಂಟಿಸುತ್ತಿದ್ದಳು. ಒಂದು ಬೆಳಿಗ್ಗೆ ಸೂಜಿ ಕೇಳಲು ನಾನು ಅಲ್ಲಿಗೆ ಹೋದಾಗ ಕರೆಂಟು ಹೋಗಿ ಮಷಿನ್ನು ನಿಂತಿತ್ತು. ರೋಶನಬಿ ಕೈಹೊಲಿಗೆಯಿಂದ ತಲೆ ಎತ್ತದೆ ಕೇಳಿದಳು:

“ನನ್ನ ಮ್ಯಾಲೆ ಸಿಟ್ಟೈತಾ ಬೇಟಿ?”

ಮದೀಹಾ ಸುಳ್ಳು ಹೇಳುವ ಹುಡುಗಿಯಲ್ಲ. “ಐತೆ” ಎಂದಳು. “ಗೆಲ್ತಿದ್ದೆ ನಾನು. ದಾಟಿದ್ದೆ ಅವನನ್ನ.”

“ಇರ್ಲಿ.” ರೋಶನಬಿ ದಾರದ ತುದಿಯನ್ನು ಹಲ್ಲಿನಿಂದ ಕಡಿದಳು. “ಸಿಟ್ಟು ಮಾಡ್ಕೊಳ್ಳಾಕೆ ನೀನು ಇದೀಯಲ್ಲ.”

ಮದೀಹಾ ಕೈಯಲ್ಲಿದ್ದ ಫೋಮನ್ನು ಕೆಳಗಿಟ್ಟಳು. ನಾನು ಸೂಜಿ ಕೇಳುವುದನ್ನು ಮರೆತು ಬಾಗಿಲ ಕಡೆ ತಿರುಗಿದೆ. ಹೊರಗೆ ಸೀಟು ಬಿಚ್ಚಿದ ಗಾಡಿಯೊಂದು ಬಿಸಿಲಿನಲ್ಲಿ ನಿಂತಿತ್ತು, ನೆರಳಿಗೆ ಸರಿಸಬೇಕಿತ್ತು. ಯಾರೂ ಕೂಗುವ ಮೊದಲೇ ಹೋಗಿ ಅದರ ಬೆನ್ನಿಗೆ ಕೈ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಒಂದು ಪಕ್ಕಕ್ಕೆ ತಾಯಿ ಬಂದಳು, ಇನ್ನೊಂದು ಪಕ್ಕಕ್ಕೆ ಮಗಳು.